ಬಂದ ಅತಿಥಿ ಮತ್ತೆ ಬರುವಂತೆ ಮಾಡಲು ಹೋಟೆಲು ಹಣವನ್ನು ಎಲ್ಲಿ ಹಾಕಬೇಕು?

ಸ್ವಾಗತಕಟ್ಟೆ (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ಯಾವ ದೊಡ್ಡ ಬ್ರ್ಯಾಂಡಿಗೂ ಸೇರದ, ನಲವತ್ತು ಕೊಠಡಿಗಳ ಒಂದು ವಸತಿ ಹೋಟೆಲಿನ ನಿರ್ವಹಣೆ ನನ್ನದು. ಕೊಠಡಿಗಳು ಖಾಲಿ ಉಳಿಯುತ್ತಿವೆ ಎಂಬ ದೂರು ನಮಗಿಲ್ಲ. ಚಿಂತೆ ಇರುವುದು ಬೇರೆ ಕಡೆ. ನಮ್ಮಲ್ಲಿಗೆ ಬರುವವರಲ್ಲಿ ಹೆಚ್ಚಿನವರು ಆನ್‌ಲೈನ್ ಬುಕಿಂಗ್ ತಾಣಗಳ ಮೂಲಕ ಬರುತ್ತಾರೆ, ಚೆನ್ನಾಗಿತ್ತು ಎಂದು ಹೇಳಿ ಹೋಗುತ್ತಾರೆ, ಆದರೆ ಮುಂದಿನ ಸಲ ಪ್ರಯಾಣ ಬಿದ್ದಾಗ ಅದೇ ತಾಣವನ್ನು ತೆರೆದು, ಅಂದು ಯಾವುದು ಅಗ್ಗವಾಗಿ ಕಾಣುತ್ತದೋ ಅದನ್ನು ಹಿಡಿಯುತ್ತಾರೆ. ನಮ್ಮನ್ನೇ ಹುಡುಕಿಕೊಂಡು ಬರುವ ಕೆಲವರು ಕೂಡ ತಾಣದ ಮೂಲಕವೇ ಬರುವುದರಿಂದ, ನಮ್ಮ ಹಳೆಯ ಅತಿಥಿಗಾಗಿಯೇ ನಾವು ಮತ್ತೊಮ್ಮೆ ಕಮಿಷನ್ ಕಟ್ಟುತ್ತಿದ್ದೇವೆ.

ಮುಂದಿನ ವರ್ಷದ ಸುಧಾರಣೆಗೆಂದು ಮಾಲೀಕರು ಸ್ವಲ್ಪ ಹಣ ಎತ್ತಿಟ್ಟಿದ್ದಾರೆ. ಎಲ್ಲವನ್ನೂ ಮಾಡುವಷ್ಟು ದೊಡ್ಡ ಮೊತ್ತವೇನಲ್ಲ. ಫೋನಿನಿಂದ ತೆರೆದುಕೊಳ್ಳುವ ಬೀಗ, ನಮ್ಮದೇ ಒಂದು ಆ್ಯಪ್, ಪಾಯಿಂಟ್ ಕೂಡಿಸುವ ಸದಸ್ಯತ್ವ ಯೋಜನೆ, ಲಾಬಿಯಲ್ಲಿ ಸ್ವಯಂ ಚೆಕ್-ಇನ್ ಯಂತ್ರ, ಕೃತಕ ಬುದ್ಧಿಮತ್ತೆಯ ಚಾಟ್ ಸಹಾಯಕ ಹೀಗೆ ಸಲಹೆಗಳಿಗೇನೂ ಕೊರತೆಯಿಲ್ಲ. ಇವೆಲ್ಲ ಇಂದಿನ ಹೋಟೆಲು ಉದ್ಯಮ ಹಿಡಿದಿರುವ ದಾರಿಗಳು ಎಂಬುದನ್ನು ನಾನು ಒಪ್ಪುತ್ತೇನೆ. ಆದರೆ ಇವುಗಳಲ್ಲಿ ಯಾವುದು ಹೊಸಬರನ್ನು ಕರೆತರುತ್ತದೆ, ಯಾವುದು ಬಂದವರನ್ನು ಉಳಿಸಿಕೊಳ್ಳುತ್ತದೆ, ಯಾವುದು ಇವೆರಡನ್ನೂ ಮಾಡದೆ ಕೇವಲ ನೋಡಲು ಚೆನ್ನಾಗಿರುತ್ತದೆ ಎಂಬುದನ್ನು ಅನುಭವವುಳ್ಳವರಿಂದ ತಿಳಿಯುವ ಆಸೆ. ದಯವಿಟ್ಟು ವಿವರವಾಗಿಯೇ ಬರೆಯಿರಿ.

ಲೆಕ್ಕಿಗ:

ನಾನು ಹೋಟೆಲುಗಳ ದರ ಮತ್ತು ಆದಾಯದ ಲೆಕ್ಕ ನೋಡುವವನು, ಆದ್ದರಿಂದ ಕಮಿಷನ್ ವಿಷಯದಿಂದಲೇ ಆರಂಭಿಸುತ್ತೇನೆ. ಎಕ್ಸ್‌ಪೀಡಿಯಾ ಮತ್ತು ಬುಕಿಂಗ್ ಡಾಟ್ ಕಾಮ್ ಎರಡೂ 1996ರಲ್ಲಿ ಹುಟ್ಟಿದವು. ಅಲ್ಲಿಂದೀಚೆಗೆ ಸ್ವತಂತ್ರ ಹೋಟೆಲುಗಳು ಸಾಮಾನ್ಯವಾಗಿ ಕೊಠಡಿ ದರದ ಶೇ 15ರಿಂದ 25ರಷ್ಟನ್ನು ಇಂಥ ತಾಣಗಳಿಗೆ ಬಿಟ್ಟುಕೊಡುವುದು ರೂಢಿಯಾಗಿದೆ. ಹೊಸ ಅತಿಥಿಯನ್ನು ತಂದುಕೊಟ್ಟದ್ದಕ್ಕೆ ಅದು ಅನ್ಯಾಯದ ಬೆಲೆಯೆಂದು ನನಗೆ ಅನಿಸುವುದಿಲ್ಲ, ಏಕೆಂದರೆ ಜಗತ್ತಿನ ಯಾವುದೋ ಮೂಲೆಯಲ್ಲಿ ಕುಳಿತವರಿಗೆ ನಲವತ್ತು ಕೊಠಡಿಗಳ ಹೋಟೆಲೊಂದು ಇದೆ ಎಂದು ತಿಳಿಸಲು ನೀವೇ ಜಾಹೀರಾತು ಹಾಕಲು ಹೊರಟರೆ ಅದಕ್ಕಿಂತ ಕಡಿಮೆಗೆ ಮುಗಿಯುವುದಿಲ್ಲ. ಕಾರ್ನೆಲ್ ವಿಶ್ವವಿದ್ಯಾಲಯದ ಹೋಟೆಲು ಶಾಲೆಯಿಂದ 2009ರಲ್ಲಿ ಬಂದ ಒಂದು ಅಧ್ಯಯನವು, ಬುಕಿಂಗ್ ತಾಣದಲ್ಲಿ ಹೋಟೆಲಿನ ಹೆಸರು ಕಾಣಿಸುತ್ತಿದ್ದ ಅವಧಿಯಲ್ಲಿ ಹೋಟೆಲಿನ ನೇರ ಬುಕಿಂಗುಗಳೂ ಏರಿದ್ದವು ಎಂದು ತೋರಿಸಿತು. ಜನರು ತಾಣದಲ್ಲಿ ನೋಡಿ, ಹೋಟೆಲಿನ ವೆಬ್‌ಸೈಟಿಗೆ ಬಂದು ಬುಕ್ ಮಾಡುತ್ತಿದ್ದರು. ಹಾಗಾಗಿ ತಾಣಗಳಿಂದ ಹೊರಬರುವ ಯೋಚನೆ ಬೇಡ. ಎರಡನೆಯ ಭೇಟಿಗೂ ಕಮಿಷನ್ ಕಟ್ಟುವುದನ್ನು ತಪ್ಪಿಸಿದರೆ ಸಾಕು, ನಿಮ್ಮ ಸುಧಾರಣೆಯ ಹಣದ ಒಂದು ಪಾಲು ಅಲ್ಲಿಂದಲೇ ಮರಳಿ ಹುಟ್ಟುತ್ತದೆ.

ಇಲ್ಲಿ ಒಂದು ಅಡ್ಡಿ ಇತ್ತು. ತಾಣದಲ್ಲಿ ತೋರಿಸುವ ದರಕ್ಕಿಂತ ಕಡಿಮೆ ದರವನ್ನು ಹೋಟೆಲು ತನ್ನ ವೆಬ್‌ಸೈಟಿನಲ್ಲಿ ತೋರಿಸಬಾರದು ಎಂಬ ಸಮದರದ ಷರತ್ತು ಬಹುತೇಕ ಒಪ್ಪಂದಗಳಲ್ಲಿ ಇರುತ್ತಿತ್ತು. ಫ್ರಾನ್ಸ್ 2015ರಲ್ಲಿ ಕಾನೂನಿನ ಮೂಲಕ ಅದನ್ನು ತೆಗೆದುಹಾಕಿತು. ಅದೇ ವರ್ಷ ಜರ್ಮನಿಯ ಸ್ಪರ್ಧಾ ಪ್ರಾಧಿಕಾರ ಬುಕಿಂಗ್ ಡಾಟ್ ಕಾಮ್‌ನ ಷರತ್ತನ್ನು ನಿಷೇಧಿಸಿತು. ಯುರೋಪಿಯನ್ ಒಕ್ಕೂಟದ ಡಿಜಿಟಲ್ ಮಾರುಕಟ್ಟೆ ಕಾಯ್ದೆಯ ಅಡಿಯಲ್ಲಿ 2024ರಲ್ಲಿ ಆ ಕಂಪನಿ ಅಲ್ಲಿನ ಹೋಟೆಲುಗಳ ಮಟ್ಟಿಗೆ ಷರತ್ತನ್ನು ಕೈಬಿಟ್ಟಿತು. ನಿಮ್ಮ ಒಪ್ಪಂದ ಏನು ಹೇಳುತ್ತದೆ ಎಂಬುದನ್ನು ಮೊದಲು ಓದಿಕೊಳ್ಳಿ. ಷರತ್ತು ಇನ್ನೂ ಇದ್ದರೂ ದರವನ್ನು ಮುಟ್ಟದೆ ನೇರವಾಗಿ ಬುಕ್ ಮಾಡಿದವರಿಗೆ ಕೊಡಬಹುದಾದವು ಹಲವಿವೆ: ಬೇಕಾದ ಮಹಡಿಯ ಕೊಠಡಿ, ತಡವಾದ ಚೆಕ್-ಔಟ್, ಕೊನೆಯ ಗಳಿಗೆಯವರೆಗೂ ದಿನಾಂಕ ಬದಲಿಸುವ ಅವಕಾಶ. ಇವುಗಳಿಂದ ಹೋಟೆಲಿಗೆ ಆಗುವ ಖರ್ಚು ಅತ್ಯಲ್ಪ, ಪ್ರಯಾಣಿಕನಿಗೆ ಸಿಗುವ ಅನುಕೂಲ ದೊಡ್ಡದು.

ಇನ್ನೊಂದು ಮಾತು. ಹಲವು ತಾಣಗಳು ಅತಿಥಿಯ ನಿಜವಾದ ಇಮೇಲ್ ವಿಳಾಸವನ್ನು ಹೋಟೆಲಿಗೆ ಕೊಡದೆ, ತಮ್ಮದೇ ಒಂದು ಬದಲಿ ವಿಳಾಸವನ್ನು ತೋರಿಸುತ್ತವೆ. ಅತಿಥಿ ನಿಮ್ಮ ಕೌಂಟರಿನ ಮುಂದೆ ನಿಂತಾಗ ಅವರ ಒಪ್ಪಿಗೆ ಪಡೆದು ಸ್ವಂತ ಇಮೇಲನ್ನು ಕೇಳಿ ಬರೆದುಕೊಳ್ಳದಿದ್ದರೆ, ಅವರು ಹೊರಟ ಮೇಲೆ ಅವರನ್ನು ತಲುಪಲು ನಿಮಗೆ ದಾರಿಯೇ ಉಳಿಯುವುದಿಲ್ಲ. ಬಹಳಷ್ಟು ಹೋಟೆಲುಗಳಲ್ಲಿ ರಿಸೆಪ್ಷನ್‌ನವರು ಕೆಲಸದ ಒತ್ತಡದಲ್ಲಿ ಈ ಒಂದು ಪ್ರಶ್ನೆಯನ್ನು ಬಿಟ್ಟುಬಿಡುತ್ತಾರೆ.

ದರ ತೋರಿಸುವ ವಿಷಯದಲ್ಲಿ ನೇರವಾಗಿರಿ. ಕಡಿಮೆ ದರ ತೋರಿಸಿ ಕೊನೆಯ ಪುಟದಲ್ಲಿ ನಿರ್ವಹಣಾ ಶುಲ್ಕ, ಸೌಲಭ್ಯ ಶುಲ್ಕ ಎಂದು ಸೇರಿಸುವ ಪದ್ಧತಿಗೆ ಅಮೆರಿಕದಲ್ಲಿ ಗ್ರಾಹಕರ ಹಿತ ಕಾಯುವ ಸರ್ಕಾರಿ ಸಂಸ್ಥೆಯಾದ ಫೆಡರಲ್ ಟ್ರೇಡ್ ಕಮಿಷನ್ 2025ರ ಮೇ ತಿಂಗಳಿಂದ ತಡೆ ಹಾಕಿದೆ. ಕಡ್ಡಾಯ ಶುಲ್ಕಗಳನ್ನೆಲ್ಲ ಸೇರಿಸಿದ ಒಟ್ಟು ದರವನ್ನೇ ಮೊದಲು ತೋರಿಸಬೇಕು. ಅಂಥ ಕಾನೂನು ಇರಲಿ ಬಿಡಲಿ, ಬಿಲ್ಲು ನೋಡಿ ಮುಖ ಸಪ್ಪಗಾದವರು ಎರಡನೆಯ ಸಲ ಬರುವುದಿಲ್ಲ.

ಮೂರನೇ ಮಹಡಿ:

ಲೆಕ್ಕಿಗರು ಹೇಳಿದ್ದರಲ್ಲಿ ನನಗೆ ತಕರಾರಿಲ್ಲ. ಆದರೆ ಅತಿಥಿಯ ಇಮೇಲ್ ಕೈಗೆ ಬಂದ ಮಾತ್ರಕ್ಕೆ ಅವರು ಬರುವುದಿಲ್ಲ. ಮತ್ತೆ ಬರಬೇಕೆಂದು ಅನಿಸುವಂಥದ್ದು ಕೊಠಡಿಯ ಒಳಗೆ ನಡೆದಿರಬೇಕು. ನಾನು ಹೌಸ್‌ಕೀಪಿಂಗ್ ಮೇಲ್ವಿಚಾರಕಿಯಾಗಿ ಬಹಳ ಕಾಲದಿಂದ ಕೆಲಸ ಮಾಡುತ್ತಿರುವುದರಿಂದ, ಅತಿಥಿಗಳು ಬಾಯಿ ಬಿಟ್ಟು ಹೇಳದ ದೂರುಗಳನ್ನು ಕೊಠಡಿಯ ಸ್ಥಿತಿಯಿಂದಲೇ ಓದಿಕೊಳ್ಳುವುದು ಅಭ್ಯಾಸವಾಗಿದೆ. ಪರದೆಗಳ ನಡುವಿನ ಸಂದನ್ನು ಬಟ್ಟೆ ನೇತುಹಾಕುವ ಕ್ಲಿಪ್ಪಿನಿಂದ ಹಿಡಿದಿಟ್ಟಿದ್ದರೆ, ಬೆಳಕು ಬಿದ್ದು ಅವರಿಗೆ ಬೆಳಗಿನ ಜಾವ ಎಚ್ಚರವಾಗಿದೆ ಎಂದರ್ಥ. ಟಿವಿಯ ಕೆಂಪು ದೀಪದ ಮೇಲೆ ಕಾಗದದ ಚೂರು ಅಂಟಿಸಿದ್ದರೆ, ಚಿಕ್ಕ ಫ್ರಿಜ್ಜಿನ ಪ್ಲಗ್ ಕಿತ್ತಿಟ್ಟಿದ್ದರೆ, ಬಾಗಿಲ ಕೆಳಗಿನ ಸಂದಿಗೆ ಟವೆಲನ್ನು ಸುತ್ತಿ ಒತ್ತಿದ್ದರೆ, ಪ್ರತಿಯೊಂದೂ ಒಂದು ಲಿಖಿತ ದೂರಿಗೆ ಸಮ. ಮಂಚದ ಪಕ್ಕದ ಚಿಕ್ಕ ಮೇಜನ್ನು ಗೋಡೆಯಿಂದ ಎಳೆದಿಟ್ಟಿದ್ದರೆ, ಫೋನ್ ಚಾರ್ಜ್ ಮಾಡಲು ಅವರು ಪ್ಲಗ್ ಹುಡುಕಿದ್ದಾರೆ. ಚೆಕ್-ಔಟ್ ಮಾಡುವಾಗ ಇದೇ ಅತಿಥಿಗಳು ಎಲ್ಲವೂ ಚೆನ್ನಾಗಿತ್ತು ಎಂದೇ ಹೇಳಿ ಹೋಗುತ್ತಾರೆ.

ಹೋಟೆಲು ಮಾರುವುದು ಮೂಲತಃ ಒಂದು ರಾತ್ರಿಯ ನಿದ್ದೆಯನ್ನು. ಇದನ್ನು ದೊಡ್ಡ ಹೋಟೆಲು ಸರಪಳಿಗಳು ಕೂಡ ತಡವಾಗಿಯೇ ಗಂಭೀರವಾಗಿ ತೆಗೆದುಕೊಂಡವು. ವೆಸ್ಟಿನ್ ಹೋಟೆಲುಗಳು 1999ರಲ್ಲಿ ಹೊಸ ಹಾಸಿಗೆ, ದಪ್ಪ ಹೊದಿಕೆ, ಬಿಳಿಯ ಹಾಸುಗಳ ಒಂದು ವ್ಯವಸ್ಥೆಯನ್ನು ‘ಹೆವನ್ಲಿ ಬೆಡ್’ ಎಂಬ ಹೆಸರಿನಲ್ಲಿ ತಂದಾಗ, ಆ ಹಾಸಿಗೆಯನ್ನು ಮನೆಗೆ ಕೊಳ್ಳಬಹುದೇ ಎಂದು ಅತಿಥಿಗಳು ಕೇಳತೊಡಗಿದರು. ಇತರ ಬ್ರ್ಯಾಂಡುಗಳೂ ಬೇರೆ ದಾರಿಯಿಲ್ಲದೆ ತಮ್ಮ ಹಾಸಿಗೆಗಳನ್ನು ಬದಲಾಯಿಸಿದವು. ಬಿಳಿಯ ಹಾಸಿಗೆ ಇಂದು ಎಲ್ಲ ಕಡೆ ಸಾಮಾನ್ಯವಾಗಿರುವುದಕ್ಕೆ ಆ ಪೈಪೋಟಿಯೂ ಒಂದು ಕಾರಣ. ಕೊಳೆಯಿದ್ದರೆ ಅದು ಬಿಳಿಯಲ್ಲಿ ಅಡಗುವುದಿಲ್ಲ, ಆದ್ದರಿಂದ ಅತಿಥಿಗೆ ನಂಬಿಕೆ ಹುಟ್ಟುತ್ತದೆ.

ನನ್ನ ಸಲಹೆ ಇಷ್ಟು. ಹಣವನ್ನು ಮೊದಲು ಸಂದಿಲ್ಲದಂತೆ ಒಂದರ ಮೇಲೊಂದು ಬರುವ ದಪ್ಪ ಪರದೆಗೆ, ಬಾಗಿಲು ಸದ್ದಿಲ್ಲದೆ ಮುಚ್ಚುವಂತೆ ಮಾಡುವ ಸಾಧನಕ್ಕೆ, ಬಾಗಿಲಂಚಿನ ರಬ್ಬರ್ ಪಟ್ಟಿಗೆ, ತಲೆದಿಂಬಿನ ಪಕ್ಕದ ಪ್ಲಗ್ ಪಾಯಿಂಟಿಗೆ, ಬಿಸಿನೀರು ಬೇಗ ಬರುವಂತೆ ಮಾಡುವ ಕೊಳಾಯಿ ಕೆಲಸಕ್ಕೆ ಮತ್ತು ಪ್ರತಿ ಕೊಠಡಿಯಲ್ಲೂ ಬಲವಾಗಿ ಸಿಗುವ ವೈಫೈಗೆ ಹಾಕಿ. ಒಬ್ಬ ನಂಬಿಕಸ್ಥ ಸಿಬ್ಬಂದಿ ಪ್ರತಿ ಕೊಠಡಿಯಲ್ಲೂ ಒಂದು ರಾತ್ರಿ ಮಲಗಿ ಎದ್ದು, ಕಂಡದ್ದನ್ನು ಬರೆದುಕೊಡಲಿ. ಹಗಲಿನಲ್ಲಿ ಪರೀಕ್ಷಿಸಿದಾಗ ಸಿಗದ ಎಷ್ಟೋ ದೋಷಗಳು ರಾತ್ರಿ ಎರಡು ಗಂಟೆಗೆ ಸಿಗುತ್ತವೆ: ಪಂಪು ಚಾಲೂ ಆಗುವ ಸದ್ದು, ಪಕ್ಕದ ಕೊಠಡಿಯ ಫ್ಲಶ್ಶು, ಎಸಿಯ ಗಾಳಿ ನೇರವಾಗಿ ಮುಖಕ್ಕೆ ಬಡಿಯುವುದು.

ಪರಿಸರದ ಕಾಳಜಿ ಕೂಡ ಇಂದಿನ ದೊಡ್ಡ ಪ್ರವೃತ್ತಿ, ಮತ್ತು ಅದು ಬರಬೇಕಾದದ್ದೇ. ಆದರೆ ಅದನ್ನು ಹೇಳುವ ರೀತಿಯಿಂದ ವ್ಯತ್ಯಾಸವಾಗುತ್ತದೆ. ಟವೆಲನ್ನು ಮತ್ತೆ ಬಳಸಿ ಎಂದು ಕೋರುವ ಚೀಟಿಗಳ ಮೇಲೆ ಅಮೆರಿಕದ ಮೂವರು ಸಂಶೋಧಕರು ನಡೆಸಿ 2008ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಪರಿಸರ ಉಳಿಸಿ ಎಂದಷ್ಟೇ ಕೇಳಿದಾಗ ಶೇ 35ರಷ್ಟು ಅತಿಥಿಗಳು ಸ್ಪಂದಿಸಿದರೆ, ಇಲ್ಲಿ ತಂಗುವವರಲ್ಲಿ ಹೆಚ್ಚಿನವರು ಹೀಗೆಯೇ ಮಾಡುತ್ತಾರೆ ಎಂದು ತಿಳಿಸಿದಾಗ ಶೇ 44ರಷ್ಟು ಮಂದಿ ಸ್ಪಂದಿಸಿದರು. ಖರ್ಚು ಉಳಿಸುವುದಕ್ಕಾಗಿ ದಿನದ ಸ್ವಚ್ಛತೆಯನ್ನು ನಿಲ್ಲಿಸಿ ಅದಕ್ಕೆ ಪರಿಸರದ ಹೆಸರು ಕೊಡುವುದನ್ನು ಮಾತ್ರ ಮಾಡಬೇಡಿ. ಕೊರೊನಾ ಕಾಲದಲ್ಲಿ ಶುರುವಾದ ಆ ಅಭ್ಯಾಸ ಕೆಲವು ಕಡೆ ಹಾಗೆಯೇ ಉಳಿದಿದೆ. ದಿನವೂ ಕೊಠಡಿ ಶುಚಿ ಮಾಡಬೇಕೇ ಬೇಡವೇ ಎಂಬ ಆಯ್ಕೆಯನ್ನು ಚೆಕ್-ಇನ್ ವೇಳೆಯಲ್ಲೇ ಅತಿಥಿಗೆ ಕೊಟ್ಟರೆ ಯಾರಿಗೂ ಬೇಸರವಾಗುವುದಿಲ್ಲ.

ಕೊನೆಯದಾಗಿ ಸಿಬ್ಬಂದಿ. ಇದನ್ನು ನಾನು ಒತ್ತಿ ಹೇಳಬೇಕು. ಆರಾರು ತಿಂಗಳಿಗೊಮ್ಮೆ ರಿಸೆಪ್ಷನ್‌ನವರು ಬದಲಾಗುವ ಹೋಟೆಲಿನಲ್ಲಿ ಹಳೆಯ ಅತಿಥಿಯೂ ಪ್ರತಿ ಸಲ ಹೊಸಬನೇ. ಅವರ ಮುಖ ನೋಡಿದೊಡನೆ ಗುರುತಿಸಿ ‘ಬನ್ನಿ, ಹಿಂದಿನ ಸಲದ ಕೊಠಡಿಯೇ ಇದೆ’ ಎನ್ನುವ ಒಬ್ಬ ಮನುಷ್ಯ ಅಲ್ಲಿ ಇಲ್ಲದಿದ್ದರೆ ಯಾವ ಆ್ಯಪ್ ಕೂಡ ಆ ಜಾಗವನ್ನು ತುಂಬುವುದಿಲ್ಲ. ಸಂಬಳ, ಪಾಳಿಯ ವೇಳಾಪಟ್ಟಿ, ರಾತ್ರಿ ಪಾಳಿ ಮುಗಿಸಿದವರಿಗೆ ಸರಿಯಾದ ವಿಶ್ರಾಂತಿ, ಇವೆಲ್ಲ ಅತಿಥಿಯನ್ನು ಉಳಿಸಿಕೊಳ್ಳುವ ಖರ್ಚುಗಳೇ ಎಂದು ನಿಮ್ಮ ಮಾಲೀಕರಿಗೆ ತಿಳಿಸಿ. ರಿಟ್ಜ್-ಕಾರ್ಲ್‌ಟನ್ ಹೋಟೆಲುಗಳಲ್ಲಿ ಅತಿಥಿಯ ತೊಂದರೆ ಸರಿಪಡಿಸಲು ಯಾವುದೇ ಸಿಬ್ಬಂದಿ ಮೇಲಧಿಕಾರಿಯನ್ನು ಕೇಳದೆ 2,000 ಡಾಲರ್‌ವರೆಗೆ ಖರ್ಚು ಮಾಡಬಹುದು ಎಂಬ ನಿಯಮವಿದೆ. ಅಷ್ಟು ದೊಡ್ಡ ಮೊತ್ತ ನಮ್ಮಂಥವರಿಗೆ ಬೇಕಾಗಿಲ್ಲ. ಆದರೆ ಕೊಠಡಿ ಬದಲಿಸಿಕೊಡುವ, ಒಂದು ರಾತ್ರಿಯ ಬಾಡಿಗೆಯಲ್ಲಿ ಸ್ವಲ್ಪ ಬಿಡುವ ಅಧಿಕಾರ ರಾತ್ರಿ ಪಾಳಿಯ ಹುಡುಗನಿಗೂ ಇರಬೇಕು. ‘ಬೆಳಿಗ್ಗೆ ಮ್ಯಾನೇಜರ್ ಬರುತ್ತಾರೆ, ಅವರನ್ನು ಕೇಳಿ’ ಎಂಬ ಉತ್ತರ ಸಿಟ್ಟಾದ ಅತಿಥಿಯನ್ನು ಶಾಶ್ವತವಾಗಿ ಕಳುಹಿಸಿಬಿಡುತ್ತದೆ.

ತಂತ್ರಾಂಶಿ:

ಮೇಲಿನ ಇಬ್ಬರ ಮಾತು ಓದಿದವರಿಗೆ ತಂತ್ರಜ್ಞಾನದಿಂದ ಹೋಟೆಲಿಗೆ ಹೆಚ್ಚಿನ ಪ್ರಯೋಜನವಿಲ್ಲ ಎಂದು ಅನಿಸಬಹುದು, ಅದನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಯಂತ್ರವನ್ನು ಎಲ್ಲಿ ಇಡಬೇಕು ಎಂಬುದು ಮುಖ್ಯ. ಜಪಾನಿನ ನಾಗಾಸಾಕಿ ಪ್ರಾಂತದಲ್ಲಿ 2015ರಲ್ಲಿ ಆರಂಭವಾದ ಹೆನ್-ನಾ ಹೋಟೆಲಿನಲ್ಲಿ ಸ್ವಾಗತಿಸುವವರೂ ಸಾಮಾನು ಹೊರುವವರೂ ರೋಬೋಗಳೇ ಆಗಿದ್ದರು. ಅದನ್ನು ನೋಡಲೆಂದೇ ಜನ ಬಂದರು. ಆದರೆ ಕೊಠಡಿಯಲ್ಲಿದ್ದ ಚಿಕ್ಕ ಗೊಂಬೆಯಂಥ ಸಹಾಯಕ ರೋಬೋ, ಮಲಗಿದವರ ಗೊರಕೆಯನ್ನು ತನಗೆ ಹೇಳಿದ ಮಾತೆಂದು ತಿಳಿದು ಅವರನ್ನು ಮಧ್ಯರಾತ್ರಿಯಲ್ಲಿ ಎಬ್ಬಿಸುತ್ತಿತ್ತು. ಮುಂಭಾಗದ ರೋಬೋಗಳಿಂದ ಪಾಸ್‌ಪೋರ್ಟಿನ ನಕಲು ತೆಗೆಯಲು ಆಗದೆ ಮನುಷ್ಯರೇ ಬರಬೇಕಾಗುತ್ತಿತ್ತು. ಅಲ್ಲಿದ್ದ 243 ರೋಬೋಗಳಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಕೆಲಸದಿಂದ ತೆಗೆದ ಸುದ್ದಿ 2019ರಲ್ಲಿ ಬಂತು. ಕುತೂಹಲ ಜನರನ್ನು ಒಮ್ಮೆ ಕರೆತರುತ್ತದೆ, ಅದು ತೀರಿದ ಮೇಲೆ ಮತ್ತೆ ಬರಲು ಬೇರೆ ಕಾರಣ ಬೇಕಾಗುತ್ತದೆ.

ನಲವತ್ತು ಕೊಠಡಿಗಳ ಹೋಟೆಲಿಗೆ ಸ್ವಂತ ಆ್ಯಪ್ ಬೇಡ. ವರ್ಷಕ್ಕೆ ಒಂದೆರಡು ಸಲ ತಂಗುವ ಅತಿಥಿ ಅದಕ್ಕಾಗಿ ತನ್ನ ಫೋನಿನಲ್ಲಿ ಜಾಗ ಕೊಡುವುದಿಲ್ಲ. ಫೋನಿನ ಬೀಗವನ್ನು ಹಳೆಯ ಬೀಗಗಳು ಕೆಟ್ಟಾಗ ನೋಡಿಕೊಳ್ಳಬಹುದು. ನಿಮಗೆ ನಿಜಕ್ಕೂ ಬೇಕಾದವು ಅತಿಥಿಯ ಕಣ್ಣಿಗೆ ಬೀಳದ ಎರಡು ವ್ಯವಸ್ಥೆಗಳು. ಮೊದಲನೆಯದು ಎಲ್ಲ ತಾಣಗಳ ದರ ಮತ್ತು ಖಾಲಿ ಕೊಠಡಿಗಳ ಲೆಕ್ಕವನ್ನು ಒಂದೇ ಕಡೆಯಿಂದ ನಡೆಸುವ ಚಾನೆಲ್ ಮ್ಯಾನೇಜರ್. ಎರಡನೆಯದು, ಯಾವ ತಾಣದಿಂದ ಬಂದರೂ ಒಬ್ಬ ಅತಿಥಿಯ ಎಲ್ಲ ಭೇಟಿಗಳನ್ನು ಒಂದೇ ಹೆಸರಿನಡಿ ಜೋಡಿಸಿ ತೋರಿಸುವ ಹೋಟೆಲು ನಿರ್ವಹಣಾ ತಂತ್ರಾಂಶ. ಈ ಎರಡನೆಯದು ಇಲ್ಲದಿದ್ದರೆ ಹಳೆಯ ಅತಿಥಿ ಯಾರೆಂದು ಹೊಸ ಸಿಬ್ಬಂದಿಗೆ ತಿಳಿಯುವ ಬಗೆಯೇ ಇಲ್ಲ. ಮೂರನೇ ಮಹಡಿಯವರು ಬಯಸುವ ಆ ‘ಬನ್ನಿ’ ಎಂಬ ಮಾತಿಗೂ ಒಂದು ದಾಖಲೆ ಬೇಕಲ್ಲವೇ?

ಕೃತಕ ಬುದ್ಧಿಮತ್ತೆಯ ಚಾಟ್ ವಿಷಯಕ್ಕೆ ಬಂದರೆ, ವಾಹನ ನಿಲ್ಲಿಸಲು ಜಾಗವಿದೆಯೇ, ಬೆಳಗಿನ ಎಷ್ಟು ಗಂಟೆಗೆ ಚೆಕ್-ಇನ್ ಮಾಡಬಹುದು ಎಂಬಂಥ ಪ್ರಶ್ನೆಗಳಿಗೆ ಬುಕಿಂಗ್‌ಗೆ ಮುಂಚೆ ತಕ್ಷಣ ಉತ್ತರ ಸಿಕ್ಕರೆ ಅದರಿಂದ ಬುಕಿಂಗ್ ಹೆಚ್ಚುತ್ತದೆ, ಅದಕ್ಕೆ ಬಳಸಿ. ದೂರು ಬಂದ ಕೂಡಲೇ ಅದು ಮನುಷ್ಯರ ಕೈಗೆ ಹೋಗುವಂತಿರಲಿ.

ಸೂಟ್‌ಕೇಸ್:

ಕೆಲಸದ ಮೇಲೆ ಸದಾ ಹೋಟೆಲುಗಳಲ್ಲಿ ತಂಗುವ ಪ್ರಯಾಣಿಕನಾಗಿ ಬರೆಯುತ್ತಿದ್ದೇನೆ. ಪಾಯಿಂಟ್ ಯೋಜನೆಯನ್ನು ದೊಡ್ಡ ಸರಪಳಿಗಳಿಗೆ ಬಿಟ್ಟುಬಿಡಿ ಎನ್ನುವುದು ನನ್ನ ಅಭಿಪ್ರಾಯ. ಹಾಲಿಡೇ ಇನ್ ಮತ್ತು ಮ್ಯಾರಿಯಟ್ 1983ರಲ್ಲಿ ಇಂಥ ಯೋಜನೆಗಳನ್ನು ಆರಂಭಿಸಿದವು, ಹಿಲ್ಟನ್ 1987ರಲ್ಲಿ ಸೇರಿಕೊಂಡಿತು. ಅವುಗಳ ಬಲವಿರುವುದು ಸಾವಿರಾರು ಹೋಟೆಲುಗಳ ಜಾಲದಲ್ಲಿ: ಒಂದು ಊರಿನಲ್ಲಿ ಗಳಿಸಿದ ಪಾಯಿಂಟನ್ನು ಇನ್ನೊಂದು ದೇಶದಲ್ಲಿ ರಜೆಗೆ ಬಳಸಬಹುದು. ಒಂದೇ ಕಟ್ಟಡವಿರುವ ಹೋಟೆಲಿನ ಪಾಯಿಂಟನ್ನು ಅದೇ ಕಟ್ಟಡದಲ್ಲಿ ಮಾತ್ರ ಬಳಸಬಹುದು, ಅದಕ್ಕಾಗಿ ಯಾರೂ ಲೆಕ್ಕ ಇಟ್ಟುಕೊಂಡು ಕೂರುವುದಿಲ್ಲ. ದೊಡ್ಡ ಯೋಜನೆಗಳಲ್ಲಿಯೂ ಉಚಿತ ರಾತ್ರಿಗೆ ಬೇಕಾದ ಪಾಯಿಂಟುಗಳು ದಿನದ ಬೇಡಿಕೆಯಂತೆ ಏರಿಳಿಯತೊಡಗಿದ ಮೇಲೆ ನನ್ನಂಥವರ ನಿಷ್ಠೆ ಸಡಿಲವಾಗಿದೆ.

ನಾನು ಹೋಟೆಲು ಆರಿಸುವಾಗ ವಿಮರ್ಶೆಗಳಲ್ಲಿ ಮೊದಲು ಓದುವುದು ಕೆಟ್ಟವನ್ನು, ಅವುಗಳ ಕೆಳಗೆ ಹೋಟೆಲಿನವರು ಕೊಟ್ಟ ಉತ್ತರವನ್ನು. ಟ್ರಿಪ್‌ಅಡ್ವೈಸರ್ ತಾಣದ ಹೋಟೆಲುಗಳ ಕುರಿತು 2017ರಲ್ಲಿ ಪ್ರಕಟವಾದ ಒಂದು ಸಂಶೋಧನೆಯ ಪ್ರಕಾರ, ವಿಮರ್ಶೆಗಳಿಗೆ ಉತ್ತರಿಸಲು ಆರಂಭಿಸಿದ ಹೋಟೆಲುಗಳಿಗೆ ಶೇ 12ರಷ್ಟು ಹೆಚ್ಚು ವಿಮರ್ಶೆಗಳು ಬಂದವು, ಸರಾಸರಿ ಅಂಕ 0.12 ನಕ್ಷತ್ರದಷ್ಟು ಏರಿತು. ತಮ್ಮ ದೂರನ್ನು ಓದುವವರಿದ್ದಾರೆ ಎಂದು ತಿಳಿದಾಗ ಸುಮ್ಮನೆ ಬೈದು ಹೋಗುವವರು ಕಡಿಮೆಯಾಗುತ್ತಾರೆ, ಬರೆಯುವವರು ವಿವರವಾಗಿ ಬರೆಯುತ್ತಾರೆ ಎಂಬುದೂ ಅದರಲ್ಲಿ ಕಂಡುಬಂತು. ಎಲ್ಲರಿಗೂ ಒಂದೇ ನಕಲು ಉತ್ತರ ಅಂಟಿಸುವ ಹೋಟೆಲನ್ನು ನಾನು ದಾಟಿ ಮುಂದೆ ಹೋಗುತ್ತೇನೆ. ‘ನೀವು ಹೇಳಿದ ಕೊಠಡಿಯ ಕೊಳಾಯಿಯನ್ನು ಬದಲಾಯಿಸಿದ್ದೇವೆ’ ಎಂದು ಬರೆದವರನ್ನು ನಂಬುತ್ತೇನೆ.

ಸ್ವಾಗತಕಟ್ಟೆ:

ಎಲ್ಲರಿಗೂ ಮನಃಪೂರ್ವಕ ಧನ್ಯವಾದಗಳು. ಆ್ಯಪ್ ಮತ್ತು ಪಾಯಿಂಟ್ ಯೋಜನೆಯನ್ನು ಪಟ್ಟಿಯಿಂದ ತೆಗೆಯುವಂತೆ ಮಾಲೀಕರಿಗೆ ಹೇಳಲು ಈಗ ಧೈರ್ಯ ಬಂದಿದೆ. ಎರಡು ಅನುಮಾನಗಳು ಉಳಿದಿವೆ. ಅತಿಥಿಯ ಬಗ್ಗೆ ದಾಖಲೆ ಇಡುವಾಗ ಎಲ್ಲಿಯವರೆಗೆ ಬರೆದುಕೊಳ್ಳಬಹುದು? ನಮ್ಮ ಬಗ್ಗೆ ಇವರಿಗೆ ಇಷ್ಟೆಲ್ಲ ಹೇಗೆ ಗೊತ್ತು ಎಂದು ಅವರು ಹಿಂಜರಿಯಬಾರದಲ್ಲವೇ? ಮತ್ತು ಪರದೆ, ಬಾಗಿಲುಗಳಿಗೆ ಹಾಕಿದ ಹಣ ಫಲ ಕೊಟ್ಟಿತೇ ಎಂಬುದನ್ನು ಯಾವ ಲೆಕ್ಕದಿಂದ ತೋರಿಸಲಿ? ಮಾಲೀಕರು ತಿಂಗಳ ಕೊನೆಗೆ ಎಷ್ಟು ಕೊಠಡಿ ತುಂಬಿತ್ತು ಎಂದಷ್ಟೇ ಕೇಳುತ್ತಾರೆ.

ತಂತ್ರಾಂಶಿ:

ಮೊದಲ ಅನುಮಾನಕ್ಕೆ ನಾನು ಉತ್ತರಿಸುತ್ತೇನೆ. ಅತಿಥಿ ಸ್ವತಃ ನಿಮಗೆ ಹೇಳಿದ್ದನ್ನು, ಅವರ ಮುಂದಿನ ಭೇಟಿಗೆ ಉಪಯೋಗವಾಗುವುದನ್ನು ಮಾತ್ರ ಬರೆದುಕೊಳ್ಳಿ: ಲಿಫ್ಟಿನಿಂದ ದೂರದ ಕೊಠಡಿ, ಗಟ್ಟಿ ದಿಂಬು, ಬೆಳಿಗ್ಗೆ ಬೇಗ ಹೊರಡುವವರು. ಯಾರೊಂದಿಗೆ ಬಂದಿದ್ದರು, ಎಷ್ಟು ಹೊತ್ತಿಗೆ ಮರಳಿದರು ಎಂಬುದು ಅಲ್ಲಿ ಇರಬಾರದು. ನೀವು ಬರೆದದ್ದನ್ನು ಅತಿಥಿಯೇ ಒಂದು ದಿನ ಪರದೆಯ ಮೇಲೆ ಓದಿದರೆ ಅವರಿಗೆ ಇರಿಸುಮುರಿಸಾಗಬಾರದು ಎಂಬ ಎಚ್ಚರ ಸಿಬ್ಬಂದಿಗೆ ಇರಲಿ. ಗುರುತಿನ ಚೀಟಿಗಳ ನಕಲನ್ನು ಕಾನೂನು ಕೇಳುವಷ್ಟು ಕಾಲ ಮಾತ್ರ ಇಟ್ಟು ಅಳಿಸಿಬಿಡಿ. ಮ್ಯಾರಿಯಟ್ ಕಂಪನಿ 2016ರಲ್ಲಿ ಕೊಂಡ ಸ್ಟಾರ್‌ವುಡ್ ಸಂಸ್ಥೆಯ ಅತಿಥಿ ದಾಖಲೆಗಳಿಗೆ 2014ರಿಂದಲೇ ಕನ್ನ ಬಿದ್ದಿತ್ತು. ಅದು ಹೊರಗೆ ಬಂದದ್ದು 2018ರಲ್ಲಿ. ಗೂಢಲಿಪಿಯ ರಕ್ಷಣೆಯಿಲ್ಲದ 50 ಲಕ್ಷಕ್ಕೂ ಹೆಚ್ಚು ಪಾಸ್‌ಪೋರ್ಟ್ ಸಂಖ್ಯೆಗಳು ಅದರಲ್ಲಿ ಸೇರಿದ್ದವು, ಮತ್ತು ಬ್ರಿಟನ್ನಿನ ಮಾಹಿತಿ ಆಯುಕ್ತರು 2020ರಲ್ಲಿ 1.84 ಕೋಟಿ ಪೌಂಡ್ ದಂಡ ವಿಧಿಸಿದರು. ಇಟ್ಟುಕೊಳ್ಳದ ಮಾಹಿತಿಯನ್ನು ಯಾರೂ ಕದಿಯಲಾರರು.

ಲೆಕ್ಕಿಗ:

ಎರಡನೆಯ ಅನುಮಾನ ನನ್ನ ಪಾಲಿನದು. ತುಂಬಿದ ಕೊಠಡಿಗಳ ಸಂಖ್ಯೆಯೊಂದರಿಂದ ನಿಮ್ಮ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ, ಏಕೆಂದರೆ ದರ ಇಳಿಸಿದರೆ ಕೊಠಡಿಗಳು ತುಂಬುತ್ತವೆ. ತಿಂಗಳ ವರದಿಯಲ್ಲಿ ಅದರ ಪಕ್ಕದಲ್ಲೇ ಕಮಿಷನ್ ಕಳೆದ ಮೇಲೆ ಪ್ರತಿ ಕೊಠಡಿಗೆ ಉಳಿದ ಆದಾಯವನ್ನು ತೋರಿಸಿ. ಖಾಲಿ ಕೊಠಡಿಗಳನ್ನೂ ಸೇರಿಸಿಯೇ ಭಾಗಿಸಿ. ಜೊತೆಗೆ, ಆ ತಿಂಗಳು ತಂಗಿದವರಲ್ಲಿ ಮೊದಲೂ ಬಂದಿದ್ದವರು ಎಷ್ಟು, ಅವರಲ್ಲಿ ತಾಣವನ್ನು ಬಿಟ್ಟು ನೇರವಾಗಿ ಬುಕ್ ಮಾಡಿದವರು ಎಷ್ಟು ಎಂಬ ಎರಡು ಅಂಕಿಗಳಿರಲಿ. ಈ ಕೊನೆಯ ಅಂಕಿ ಏರುತ್ತಿದ್ದರೆ ನಿಮ್ಮ ಕೆಲಸ ಫಲ ಕೊಡುತ್ತಿದೆ ಎಂದು ತಿಳಿಯಬಹುದು.

ವಿಮರ್ಶೆಯ ಅಂಕವನ್ನೂ ಹಣದ ಭಾಷೆಯಲ್ಲಿ ಹೇಳಲು ಸಾಧ್ಯ. ಕಾರ್ನೆಲ್‌ನದೇ 2012ರ ಅಧ್ಯಯನವು, ಆನ್‌ಲೈನ್ ಕೀರ್ತಿಯ ಸೂಚ್ಯಂಕ ಶೇ 1ರಷ್ಟು ಏರಿದಾಗ ಲಭ್ಯವಿರುವ ಪ್ರತಿ ಕೊಠಡಿಯ ಆದಾಯ ಶೇ 1.42ರವರೆಗೆ ಏರುತ್ತದೆ ಎಂದು ಲೆಕ್ಕ ಹಾಕಿತ್ತು. ನಿಮ್ಮ ಹೋಟೆಲಿನಲ್ಲಿ ಅದು ಅಷ್ಟೇ ಆಗುತ್ತದೆ ಎಂದು ಭಾವಿಸಬೇಡಿ, ಆದರೆ ಮಾಲೀಕರ ಮುಂದೆ ಇಡಲು ಅದು ಗಟ್ಟಿಯಾದ ಆಧಾರ. ಎಲ್ಲ ಕೊಠಡಿಗಳನ್ನೂ ಒಟ್ಟಿಗೆ ಬದಲಾಯಿಸದೆ ಮೊದಲು ಒಂದು ಮಹಡಿಯ ಹತ್ತು ಕೊಠಡಿಗಳಿಗೆ ಪರದೆ, ಬಾಗಿಲು, ಪ್ಲಗ್ ಕೆಲಸಗಳನ್ನು ಮಾಡಿಸಿ, ಉಳಿದ ಮಹಡಿಗಳನ್ನು ಸದ್ಯಕ್ಕೆ ಹಾಗೆಯೇ ಬಿಡಿ. ಒಂದು ಸೀಸನ್ ಮತ್ತು ಒಂದು ಆಫ್ ಸೀಸನ್ ಕಳೆಯಲಿ. ಆ ಹತ್ತು ಕೊಠಡಿಗಳ ದೂರುಗಳನ್ನು, ಅಲ್ಲಿ ಮಲಗಿದವರ ಮರುಭೇಟಿಯನ್ನು ಮಿಕ್ಕ ಮಹಡಿಗಳೊಂದಿಗೆ ಹೋಲಿಸಿದ ಪಟ್ಟಿ ನಿಮ್ಮ ಕೈಯಲ್ಲಿದ್ದರೆ, ಎರಡನೆಯ ಮಹಡಿಗೆ ಹಣ ಕೇಳುವುದು ಸುಲಭವಾಗುತ್ತದೆ. ಮೊದಲ ಮಹಡಿಯನ್ನು ಆರಿಸುವಾಗ ಅತಿ ಹೆಚ್ಚು ದೂರು ಬರುವುದನ್ನೇ ಆರಿಸಿಕೊಳ್ಳದೆ, ಇತರ ಮಹಡಿಗಳಿಗೆ ಸರಿಸಮವಾಗಿರುವ ಒಂದನ್ನು ಆರಿಸಿ, ಇಲ್ಲವಾದರೆ ಹೋಲಿಕೆಗೆ ಅರ್ಥ ಇರುವುದಿಲ್ಲ.